ನಾಲ್ಕು ಎಂಬಿಯ ಮನೆ

ತಮ್ಮ ಬದುಕನ್ನು ಬರೆಯುವವರು ಮೊದಲು ವಂಶದ ವಿವರ ಕೊಡುತ್ತಾರೆ. ನನಗೆ ಮುತ್ತಜ್ಜನ ಹೆಸರೇ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ ಎರಡು ಹೆಸರು ಹೇಳಿ, ಅದರಲ್ಲಿ ಯಾವುದು ತಪ್ಪಿರಬಹುದು ಎಂದು ಮೂರು ದಿನ ಚಿಂತೆ ಮಾಡುತ್ತೇನೆ. ಆದರೆ ಅಲೆವೂರಿನ ನಮ್ಮ ಮನೆಯಲ್ಲಿದ್ದ ಕಂಪ್ಯೂಟರಿನ ವಿವರವನ್ನು ಈಗಲೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಫೋರ್ ಎಯ್ಟಿ ಸಿಕ್ಸ್ ಪ್ರೊಸೆಸರ್, ಇಪ್ಪತ್ತೈದು ಮೆಗಾಹರ್ಟ್ಸ್. ಮೆಮೊರಿ ನಾಲ್ಕು ಎಂಬಿ. ಹಾರ್ಡ್ ಡಿಸ್ಕ್ ನೂರಿಪ್ಪತ್ತು ಎಂಬಿ. ಫ್ಲಾಪಿ ಹಾಕುವ ಬಾಯಿ ಎರಡು, ಒಂದು ಅಗಲದ್ದು, ಒಂದು ಸಣ್ಣದು. ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಪರದೆ. ಕಾರ್ಡು ಹಾಕುವ ಸ್ಲಾಟು ಆರು, ಎರಡು ಭರ್ತಿ, ನಾಲ್ಕು ಖಾಲಿ. ಮೆಮೊರಿಯ ಸ್ಲಾಟು ಎಂಟು, ನಾಲ್ಕು ಭರ್ತಿ, ನಾಲ್ಕು ಖಾಲಿ. ಇದನ್ನು ನಾನು ಇಷ್ಟಪಟ್ಟು ಕಲಿತದ್ದಲ್ಲ, ಅಪ್ಪ ಬಾಯಿಪಾಠ ಮಾಡಿಸಿದ್ದು. ಅಪ್ಪ ಪುರೋಹಿತರು, ಸೈಕಲ್ಲಿನಲ್ಲಿ ಅಲೆವೂರು, ಇನ್ನಂಜೆಯ ಕಡೆಯೆಲ್ಲ ಪೂಜೆಗೆ ಹೋಗುತ್ತಿದ್ದವರು. ಬಾಯಿಗೆ ಬಾರದ ವಿದ್ಯೆ ವಿದ್ಯೆಯೇ ಅಲ್ಲ ಎಂಬುದು ಅವರ ನಂಬಿಕೆ. ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕಕ್ಕೆ ಸಿಡಿಲು ಹೊಡೆದರೆ? ಗೆದ್ದಲು ಹಿಡಿದರೆ? ಅಜ್ಜಿ ಅದನ್ನು ಹರಿದು ಒಲೆ ಹೊತ್ತಿಸಿದರೆ? ಆದ್ದರಿಂದ ಪ್ರತಿ ಸಂಜೆ ದೇವರ ದೀಪದ ಮುಂದೆ ಮಗ್ಗಿ, ನಕ್ಷತ್ರಗಳ ಹೆಸರು, ಅದರ ಬೆನ್ನಿಗೆ ಇದು. ಈಗ ಫೋನಿಗೆ ಬರುವ ಒಂದು ಶುಭೋದಯದ ಗುಲಾಬಿ ಹೂವಿಗೆ ಆ ನಾಲ್ಕು ಎಂಬಿ ಸಾಲದು. ಆದರೆ ಆ ಕಾಲಕ್ಕೆ ನಮ್ಮ ಮನೆಯ ಊಟ, ಜಗಳ, ಮಡಿ ಮೈಲಿಗೆ ಎಲ್ಲವೂ ಅದರೊಳಗೇ ಹಿಡಿಯಬೇಕಿತ್ತು.

ಮನೆ ರಸ್ತೆಯಿಂದ ಸ್ವಲ್ಪ ಒಳಗಿದ್ದ ಹೆಂಚಿನ ಬಾಡಿಗೆ ಮನೆ. ಚಾವಡಿ, ದೇವರ ಕೋಣೆ, ಅಡುಗೆಮನೆ, ಮಲಗುವ ಕೋಣೆ ಒಂದು. ಇದ್ದವರು ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ಹನ್ನೆರಡು ವರ್ಷದ ನಾನು. ಆದರೆ ಕಂಪ್ಯೂಟರ್ ಎಲ್ಲಿಡಬೇಕು ಎಂಬುದಕ್ಕೆ ಐದು ಅಭಿಪ್ರಾಯ, ಏಕೆಂದರೆ ಅಜ್ಜಿಗೆ ಬೆಳಿಗ್ಗೆ ಒಂದಿದ್ದರೆ ಸಂಜೆ ಇನ್ನೊಂದು. ಅಮ್ಮ ಮಣಿಪಾಲದ ಒಂದು ಟೈಪಿಂಗ್ ಕೇಂದ್ರದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ದೊಡ್ಡ ಡಾಕ್ಟರಿಕೆ ಓದುವವರು ಕೊನೆಗೆ ಬರೆದು ಕೊಡಬೇಕಾದ ಥೀಸಿಸ್‌ಗಳನ್ನು ಟೈಪು ಮಾಡುವುದು ಅವಳ ಕೆಲಸ. ಮೊದಲು ಟೈಪ್‌ರೈಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಕೇಂದ್ರ ಮುಚ್ಚುವಾಗ ಮಾಲಕರು ಹೊಸ ಯಂತ್ರಗಳನ್ನು ತಾವು ಕೊಂಡೊಯ್ದು, ಎಲ್ಲಕ್ಕಿಂತ ಹಳೆಯದನ್ನೂ ಒಂದು ಪ್ರಿಂಟರನ್ನೂ ಅಮ್ಮನಿಗೆ ಬಿಟ್ಟು ಹೋದರು. ಅಮ್ಮ ರಿಕ್ಷಾದಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟು, ಸೆರಗು ಸುತ್ತಿ, ಬಾಣಂತಿ ಮಗುವನ್ನು ಕರೆತರುವ ಹಾಗೆ ತಂದಳು. ಇನ್ನು ಮನೆಯಲ್ಲೇ ಟೈಪಿಂಗ್ ಎಂದಳು. ಎಲ್ಲಿ? ಚಾವಡಿಯಲ್ಲಿ ಬೆಳಕು ಉಂಟು, ಮೂರು ಪಿನ್ನಿನ ಸಾಕೆಟ್ ಇಲ್ಲ. ದೇವರ ಕೋಣೆಯಲ್ಲಿ ಸಾಕೆಟ್ಟೂ ಇಲ್ಲ, ಅಮ್ಮನಿಗೆ ತಿಂಗಳಿಗೆ ಮೂರು ದಿನ ಪ್ರವೇಶವೂ ಇಲ್ಲ. ಮೂರು ಪಿನ್ನಿನ ಒಂದೇ ಸಾಕೆಟ್ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಅದು ಅಜ್ಜಿಯ ಕಲ್ಲಿನ ಗ್ರೈಂಡರಿನದು. ಒಂದು ವಾರದ ಮಾತುಕತೆಯ ನಂತರ ಆ ಬಾಗಿಲ ಈಚೆ ಬದಿಯಲ್ಲಿ ಮೇಜು ಹಾಕಿ, ಒಂದೇ ಸಾಕೆಟ್ಟಿನಿಂದ ಎರಡಕ್ಕೂ ವಯರು ಎಳೆದರು.

ಇದರ ಫಲ ಏನೆಂದರೆ ಅಜ್ಜಿ ಗ್ರೈಂಡರ್ ಹಾಕಿದ ಕೂಡಲೇ ಕಂಪ್ಯೂಟರಿನ ಪರದೆ ನಾಲ್ಕೂ ಕಡೆಯಿಂದ ಕುಗ್ಗಿ ಅಂಚೆಕಾರ್ಡಿನಷ್ಟಾಗುತ್ತಿತ್ತು. ಕೆಲವು ಸಲ ಆರಿಯೇ ಹೋಗುತ್ತಿತ್ತು. ಅಮ್ಮ ಟೈಪು ಮಾಡಿದ ಮೂರು ಪುಟ ಉದ್ದಿನ ಹಿಟ್ಟಿನ ಲೆಕ್ಕಕ್ಕೆ ಹೋಗುತ್ತಿತ್ತು. ಅತ್ತೆ ಸೊಸೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅಜ್ಜಿ ತಾನಾಗಿ ಒಂದು ಪದ್ಧತಿ ಕಂಡುಹಿಡಿದಳು. ಶಾಲೆಗೆ ಹೋಗದ, ಕನ್ನಡವನ್ನೂ ಲೆಕ್ಕ ಹಾಕಿ ಮಾತಾಡುತ್ತಿದ್ದ ಅವಳು ಇಂಗ್ಲಿಷಿನಿಂದ ಒಂದೇ ಒಂದು ಪದವನ್ನು ತನ್ನ ಕೆಲಸಕ್ಕೆ ತೆಗೆದುಕೊಂಡಳು.

"ಸುಮತೀ, ಅಕ್ಕಿ ಹಾಕ್ತೇನೆ. ಸೇವ್ ಮಾಡಿದ್ಯಾ?"

"ಒಂದು ನಿಮಿಷ ಅತ್ತೆ."

"ನಿನ್ನ ಒಂದು ನಿಮಿಷಕ್ಕೆ ನನ್ನ ನೀರುದೋಸೆ ಮಧ್ಯಾಹ್ನಕ್ಕೆ ಆಗ್ತದೆ. ಬೇಗ ಸೇವ್ ಮಾಡು ಮಾರಾಯ್ತಿ."

ಯಂತ್ರಕ್ಕೂ ಅಜ್ಜಿಗೂ ಹೀಗೆ ಒಂದು ಒಪ್ಪಂದವಾಯಿತು. ಅಷ್ಟೇ ಅಲ್ಲ, ಮಳೆಗಾಲದ ಥಂಡಿಯಲ್ಲಿ ಹಾಲು ಹೆಪ್ಪಾಗದೆ ಸತಾಯಿಸುವಾಗ ಮಾನಿಟರಿನ ತಲೆಯ ಮೇಲಿನ ಬಿಸಿ ಅವಳ ಗಮನಕ್ಕೆ ಬಂದಿತ್ತು. ಅಮ್ಮ ಎದ್ದು ಹೋದ ಗಳಿಗೆ ನೋಡಿ ಅವಳು ಅಲ್ಲಿ ಹೆಪ್ಪಿನ ಪಾತ್ರೆ ಇಡುತ್ತಿದ್ದಳು. ನನಗೆ ಅದು ಗೊತ್ತಿತ್ತು. ನಾನು ಹೇಳಲಿಲ್ಲ, ಆದರೆ ಪಾತ್ರೆ ಮಗುಚಿ, ಮೊಸರು ಒಳಗಿಳಿದು, ಅಮ್ಮನಿಗೆ ಶಾಕ್ ಹೊಡೆದು, ಮನೆಗೆ ಬೆಂಕಿ ಹತ್ತಿ, ಕೊನೆಗೆ ಎಲ್ಲರೂ ನನ್ನನ್ನೇ ನೋಡುವ ದೃಶ್ಯವನ್ನು ಶಾಲೆಯ ಬೆಂಚಿನಲ್ಲಿ ಕೂತು ದಿನಾ ನೋಡುತ್ತಿದ್ದೆ. ಈಗ ಕಾಪುವಿನ ನನ್ನ ಮನೆಯಿಂದ ಹೊರಟವಳು ಬಸ್‌ಸ್ಟಾಪಿನವರೆಗೆ ಹೋಗಿ, ಗ್ಯಾಸಿನ ಗುಂಡಿ ತಿರುಗಿಸಿದ್ದೆನೋ ಇಲ್ಲವೋ ಎಂದು ವಾಪಸು ಬರುವುದರ ಮೂಲ ಬಹುಶಃ ಆ ಮೊಸರಿನಲ್ಲೇ ಇದೆ.

ಆ ವರ್ಷ ಆಯುಧ ಪೂಜೆಗೆ ಕಂಪ್ಯೂಟರಿಗೂ ಪೂಜೆಯಾಯಿತು. ಬೇರೆ ಮನೆಗಳಲ್ಲಿ ಹೊರಗಿನ ಡಬ್ಬಕ್ಕೆ ಕುಂಕುಮ ಹಚ್ಚಿ ಮುಗಿಸಿಯಾರು. ನಮ್ಮ ಅಪ್ಪನಿಗೆ ಅದು ಸಮ್ಮತವಲ್ಲ. ಮುಚ್ಚಳಕ್ಕೆ ಪೂಜೆ ಮಾಡಿದರೆ ಮುಚ್ಚಳಕ್ಕೇ ಪುಣ್ಯ ಎಂದು, ಸ್ನಾನ ಮಾಡಿ, ಪಟ್ಟೆ ಉಟ್ಟು, ಸ್ಕ್ರೂ ಬಿಚ್ಚಿ, ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು, ಒಂದೊಂದು ಭಾಗವನ್ನೂ ಗುರುತಿಸಿಯೇ ಕೂತರು. ನಡುವೆ ನನ್ನನ್ನು ಹೂವು ಕೊಯ್ಯಲು ಅಂಗಳಕ್ಕೆ ಕಳಿಸಿದರು. ನಾನು ಬರುವಾಗ ಪೂಜೆ ಮುಗಿದು ಮುಚ್ಚಳ ಮತ್ತೆ ಕೂತಿತ್ತು. ಯಂತ್ರ ಸರಿಯಾಗಿಯೇ ಓಡಿತು. ಪಾಯಸದ ಊಟವಾಯಿತು.

ಅದಾಗಿ ತಿಂಗಳೊಳಗೆ ಅಮ್ಮನಿಗೆ ಸ್ವಂತದ ಮೊದಲ ಥೀಸಿಸ್ ಕೆಲಸ ಬಂತು. ದಾವಣಗೆರೆ ಕಡೆಯ ಒಬ್ಬಳು ಡಾಕ್ಟರು, ಮಕ್ಕಳ ರಕ್ತಹೀನತೆಯ ಮೇಲೆ ಥೀಸಿಸ್ ಬರೆದವಳು. ಮಣಿಪಾಲದಲ್ಲೇ ಟೈಪು ಮಾಡುವವರಿದ್ದರೂ, ಕೇಂದ್ರದಲ್ಲಿ ಅಮ್ಮನ ಕೈಕೆಲಸ ಕಂಡಿದ್ದವಳಾದ್ದರಿಂದ ಸ್ಕೂಟರಿನಲ್ಲಿ ಅಲೆವೂರಿನವರೆಗೆ ಬಂದಳು. ಮೂರು ಅಧ್ಯಾಯ ಸುಸೂತ್ರವಾಗಿ ಆಯಿತು. ನಾಲ್ಕನೆಯದರಲ್ಲಿ ಕೋಷ್ಟಕಗಳು, ಏರಿಳಿಯುವ ಗೆರೆಗಳ ಚಿತ್ರಗಳು. ಅವುಗಳನ್ನೆಲ್ಲ ಸೇರಿಸಿ, ಸೇವ್ ಮಾಡಿ, ಮರುದಿನ ತೆರೆಯಲು ಹೋದರೆ ಅಧ್ಯಾಯ ತೆರೆಯಲೇ ಇಲ್ಲ. ಮೆಮೊರಿ ಸಾಲದು ಎಂದು ಪರದೆ ಇಂಗ್ಲಿಷಿನಲ್ಲಿ ಹೇಳಿತು. ಅಮ್ಮ ಮತ್ತೆ ತೆರೆಯಲು ಹೋದಳು, ಅದು ಮತ್ತೆ ಹೇಳಿತು. ಆ ದಿನ ಗುರುವಾರ. ಥೀಸಿಸ್ ಕಚೇರಿಗೆ ಮುಟ್ಟಬೇಕಾದದ್ದು ಸೋಮವಾರ. ಅಮ್ಮ ಮೇಜಿನ ಮುಂದೆ ಕೈಕಟ್ಟಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಕೈ ಸುಮ್ಮನಿರುವುದೇ ಅಪರೂಪ.

"ಸೋಮವಾರಕ್ಕೆ ಇದು ಆಗದಿದ್ರೆ ಹಾಸ್ಟೆಲಿನಲ್ಲೆಲ್ಲ ಸುದ್ದಿ ಆಗ್ತದೆ," ಎಂದಳು. "ಇನ್ನು ಯಾರು ಇಷ್ಟು ದೂರ ಬರ್ತಾರೆ? ಈ ಯಂತ್ರವನ್ನು ಮೂಲೆಗೆ ತಳ್ಳಿ ನಾನೂ ಅದರ ಹತ್ತಿರ ಕೂತ್ಕೊಳ್ಳುವುದು."

"ಹಾಗೆಲ್ಲ ಹೇಳ್ಬೇಡ," ಎಂದಳು ಅಜ್ಜಿ. "ಹಾಗಾದ್ರೆ ನಾನು ಯಾರತ್ರ ಸೇವ್ ಮಾಡು ಅಂತ ಹೇಳುವುದು?"

ಉದ್ಯಾವರದಿಂದ ರಘುವಣ್ಣ ಬಂದರು. ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದು, ಆಗಷ್ಟೇ ಕಂಪ್ಯೂಟರಿಗೂ ಕೈಹಾಕಿದ್ದ ಮನುಷ್ಯ. ಮುಚ್ಚಳ ತೆಗೆದು ಒಳಗೆ ಇಣುಕಿ, ಮೆಮೊರಿ ಏರಿಸಿದರೆ ಆಗುತ್ತದೆ, ಜಾಗವೂ ಖಾಲಿ ಉಂಟು ಎಂದರು. ಅಪ್ಪ ಅದನ್ನು ಆಗಲೇ ಪುಸ್ತಕದಲ್ಲಿ ಓದಿದ್ದರಿಂದ ಪರೀಕ್ಷೆ ತೆಗೆದುಕೊಳ್ಳುವವರ ಹಾಗೆ ತಲೆಯಾಡಿಸಿದರು.

"ಒಂದು ಹಾಕಿ ನೋಡುವುದಾ?" ಎಂದು ಅಮ್ಮ ಕೇಳಿದಳು.

"ಒಂದು ಆಗುದಿಲ್ಲ ಅಕ್ಕ. ಮೂರೂ ಆಗುದಿಲ್ಲ. ಇದು ನಾಲ್ಕರ ಬ್ಯಾಂಕು. ನಾಲ್ಕೂ ಒಂದೇ ಜಾತಿ, ಒಂದೇ ಗೋತ್ರದ್ದು ಬೇಕು, ಒಟ್ಟಿಗೇ ಕೂರಬೇಕು."

"ಸಗೋತ್ರ," ಎಂದರು ಅಪ್ಪ. "ಮದುವೆಗೆ ಆಗದ್ದು ಇಲ್ಲಿಗೆ ಆಗ್ತದೆ ಅಂತಾಯ್ತು."

ಅಂಥ ನಾಲ್ಕು ಮೆಮೊರಿ ಪಟ್ಟಿಗಳು ಕಾರ್ಕಳದ ಒಂದು ಗೋಡಂಬಿ ಕಾರ್ಖಾನೆಯ ಆಫೀಸಿನಲ್ಲಿ, ಮೂಲೆಗೆ ಸೇರಿದ ಯಂತ್ರವೊಂದರಲ್ಲಿ ಇರುವುದು ರಘುವಣ್ಣನಿಗೆ ಗೊತ್ತಿತ್ತು. ಶನಿವಾರ ಅಪ್ಪನಿಗೆ ಕಾರ್ಕಳದಲ್ಲೇ ಸತ್ಯನಾರಾಯಣ ಪೂಜೆ. ಬಸ್ಸಿಳಿದು ಮನೆಗೆ ಬಂದವರು ಕಾಲು ತೊಳೆದು, ಪೂಜೆಯ ಚೀಲದಿಂದ ಮೊದಲು ಪ್ರಸಾದ ತೆಗೆದರು, ಆಮೇಲೆ ತಮ್ಮ ಪಟ್ಟೆ ಶಾಲು. ಅದರ ಏಳು ಸುತ್ತು ಬಿಚ್ಚಿದಾಗ ನನ್ನ ಬೆರಳುದ್ದದ ನಾಲ್ಕು ಹಸಿರು ಪಟ್ಟಿಗಳು ಕಂಡವು. ಒಂದೊಂದು ಎಂಬಿ. ಅಪ್ಪ ಅವುಗಳನ್ನು ದೇವರ ಮುಂದಿಟ್ಟು ಮಲಗಿದರು.

ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಮೇಜಿನ ಸುತ್ತ. ಆ ಯಂತ್ರವನ್ನು ಹಾಕಿದಾಗ ಮೊದಲು ತನ್ನ ಮೆಮೊರಿಯನ್ನು ತಾನೇ ಎಣಿಸಿಕೊಳ್ಳುತ್ತಿತ್ತು; ಪರದೆಯ ಮೂಲೆಯಲ್ಲಿ ಅಂಕೆ ಏರುತ್ತ ಹೋಗಿ ನಾಲ್ಕು ಸಾವಿರದ ತೊಂಬತ್ತಾರಕ್ಕೆ ನಿಲ್ಲುತ್ತಿತ್ತು. ಎಂಟು ಎಂಬಿ ಆದರೆ ಅದರ ಎರಡರಷ್ಟು ಬರಬೇಕು. ರಘುವಣ್ಣ ನಾಲ್ಕೂ ಪಟ್ಟಿ ಸಿಕ್ಕಿಸಿ ಸ್ವಿಚ್ಚು ಹಾಕಿದರು. ಅಂಕೆ ಏರಿತು, ನಾಲ್ಕು ಸಾವಿರದ ತೊಂಬತ್ತಾರಕ್ಕೆ ಬಂತು, ನಿಂತಿತು. ಆರಿಸಿ, ತೆಗೆದು, ಊದಿ, ಮತ್ತೆ ಹಾಕಿದರು. ಮತ್ತೆ ಅಲ್ಲಿಗೇ.

"ಭಟ್ರೇ, ಇದನ್ನು ಎಂತದರಲ್ಲಿ ಸುತ್ತಿ ತಂದದ್ದು?"

"ಪಟ್ಟೆ ಶಾಲಿನಲ್ಲಿ. ಸಾದಾ ಬಟ್ಟೆ ಅಲ್ಲ, ಶುದ್ಧ ರೇಷ್ಮೆ."

"ಅಯ್ಯಯ್ಯೋ! ರೇಷ್ಮೆಗೆ ಉಜ್ಜಿದ್ರೆ ಕರೆಂಟ್ ಹುಟ್ತದೆ ಮಾರಾಯ್ರೆ. ಚಿಪ್ಪು ಸತ್ತಿರ್ತದೆ."

ಅಪ್ಪನ ಮುಖ ನೋಡಲಾಗಲಿಲ್ಲ. ಆದರೆ ರಘುವಣ್ಣ ಬುದ್ಧಿವಂತರು. ನಮ್ಮ ಹಳೆಯ ನಾಲ್ಕು ಪಟ್ಟಿಗಳನ್ನು ತೆಗೆದು, ಅವು ಇದ್ದ ಜಾಗಕ್ಕೆ ಕಾರ್ಕಳದ ನಾಲ್ಕನ್ನು ಹಾಕಿ ನೋಡಿದರು. ಅಂಕೆ ಸಲೀಸಾಗಿ ನಾಲ್ಕು ಸಾವಿರದ ತೊಂಬತ್ತಾರಕ್ಕೆ ಏರಿತು. ಚಿಪ್ಪು ಜೀವಂತವಿತ್ತು. ಹಾಗಾದರೆ ಕೆಟ್ಟದ್ದು ಪಟ್ಟಿಯಲ್ಲ, ಖಾಲಿ ಇದ್ದ ಆ ನಾಲ್ಕು ಸ್ಲಾಟುಗಳೇ. ಬೋರ್ಡಿನ ಆ ಬದಿ ಹೋಗಿದೆ ಎಂದರು ರಘುವಣ್ಣ. ಮಂಗಳೂರಿನಿಂದ ಬೇರೆ ಬೋರ್ಡು ತರಿಸಬೇಕು, ಕಡಿಮೆ ಎಂದರೂ ಒಂದು ವಾರ. ಅಮ್ಮ ಡಾಕ್ಟರ ಹಸ್ತಪ್ರತಿಯ ಹಾಳೆಗಳನ್ನು ಜೋಡಿಸಿ ದಾರ ಕಟ್ಟತೊಡಗಿದಳು, ವಾಪಸು ಕೊಡುವುದಕ್ಕೆ.

"ಈ ನಡುವೆ ಯಾರಾದ್ರೂ ಇದಕ್ಕೆ ಎಂತಾದ್ರೂ ಮಾಡಿದ್ರಾ?" ಎಂದು ರಘುವಣ್ಣ ಸಹಜವಾಗಿ ಕೇಳಿದರು.

ಅಷ್ಟು ಸಾಕಾಯಿತು ನನಗೆ. ಅಳುತ್ತ ಶುರು ಮಾಡಿದೆ. ಕೀಬೋರ್ಡಿನ ಮೇಲೆ ಚಕ್ಕುಲಿ ತಿಂದದ್ದು ನಾನು, ಟರ್ಬೊ ಎಂದು ಬರೆದ ಗುಂಡಿಯನ್ನು ಯಾರೂ ಇಲ್ಲದಾಗ ಇಪ್ಪತ್ತು ಸಲ ಒತ್ತಿದ್ದು ನಾನು, ಸಣ್ಣ ಫ್ಲಾಪಿಯ ಬಾಯಿಗೆ ಬಸ್ಸಿನ ಟಿಕೆಟು ಹಾಕಿ ಹೊರಗೆ ತೆಗೆದದ್ದು ನಾನು. ಯಾರೂ ಕೇಳದ ಒಂದೆರಡು ತಪ್ಪುಗಳನ್ನೂ ಸೇರಿಸಿದೆ, ಹೇಗೂ ಬಾಯಿಬಿಟ್ಟದ್ದಾಯಿತಲ್ಲ ಎಂದು.

"ಮಗುವಿಗೆ ಬೈಬೇಡಿ," ಎಂದು ಅಜ್ಜಿ ನಡುವೆ ಬಂದಳು. "ನಾನು ಇದರ ಮಂಡೆ ಮೇಲೆ ಹಾಲಿಗೆ ಹೆಪ್ಪು ಹಾಕಿ ಇಟ್ಟದ್ದುಂಟು. ಬಿದ್ದದ್ದಿಲ್ಲ. ಒಂದು ಸಲ ಸ್ವಲ್ಪ ತುಳುಕಿತ್ತು, ಒರೆಸಿದ್ದೇನೆ."

"ಅತ್ತೆ!" ಎಂದಳು ಅಮ್ಮ.

"ಎಂತ ಅತ್ತೆ? ಗಟ್ಟಿ ಮೊಸರು ಆಯ್ತು ಅಂತ ಎರಡೆರಡು ಸಲ ಬಡಿಸಿಕೊಂಡದ್ದು ನೀನೇ ಅಲ್ವಾ?"

ರಘುವಣ್ಣ ನಗು ತಡೆದುಕೊಂಡು, ಇದ್ಯಾವುದರಿಂದಲೂ ಸ್ಲಾಟು ಕೆಡುವುದಿಲ್ಲ ಎಂದರು. ಆಗ ಉಳಿದವರು ಅಪ್ಪ ಒಬ್ಬರೇ. ಅವರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಮಂತ್ರದ ನಡುವೆ ಒಂದಕ್ಷರ ತಪ್ಪಿದರೂ ಅದನ್ನು ಯಾರಿಗೂ ಗೊತ್ತಾಗದಂತೆ ದಾಟಿಸಬಲ್ಲ ಜಾಣರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದೇ ಇಲ್ಲ. ಅವರು ಸುಮ್ಮನಿದ್ದಿದ್ದರೆ ರಘುವಣ್ಣ ಸ್ಕ್ರೂ ಬಿಗಿದು ಹೋಗುತ್ತಿದ್ದರು. ಅಮ್ಮ ದಾರಕ್ಕೆ ಎರಡನೆಯ ಗಂಟು ಹಾಕಿದಳು. ಅಪ್ಪ ಅದನ್ನು ನೋಡಿದರು.

"ಸುಮತಿ, ಬಿಚ್ಚು ಅದನ್ನು," ಎಂದರು. "ನನ್ನಿಂದ ತಪ್ಪಾಗಿದೆ. ಆಯುಧ ಪೂಜೆಯ ದಿನ ಆ ಜಾಗ ಖಾಲಿ ಇತ್ತಲ್ಲ. ಕಲಶ ಖಾಲಿ ಇಡ್ಲಿಕ್ಕಿಲ್ಲ, ಹರಿವಾಣ ಖಾಲಿ ಇಡ್ಲಿಕ್ಕಿಲ್ಲ. ಹಾಗಾಗಿ ಒಂದೊಂದು ಅಕ್ಷತೆ ಹಾಕಿದ್ದೇನೆ."

"ಎಲ್ಲಿ ಹಾಕಿದ್ದು ಭಟ್ರೇ? ಸ್ಲಾಟಿನ ಒಳಗೆಯಾ?"

"ನಾಲ್ಕಕ್ಕೂ. ಬಿದ್ದು ಹೋಗದ ಹಾಗೆ ಸ್ವಲ್ಪ ಗಂಧ ಹಚ್ಚಿ."

"ಮತ್ತೆ ಕಾರ್ಡಿನ ಖಾಲಿ ಸ್ಲಾಟಿಗೆ?"

"ಅದಕ್ಕೂ."

ರಘುವಣ್ಣ ಟಾರ್ಚು ಹಿಡಿದು ಬಗ್ಗಿದರು. ತಳದಲ್ಲಿ ಕೆಂಪಗೆ ಕಂಡದ್ದನ್ನು ಅವರು ತುಕ್ಕು ಎಂದುಕೊಂಡಿದ್ದರಂತೆ. ನಮ್ಮ ಉಪ್ಪುಗಾಳಿಯ ಊರಿನಲ್ಲಿ ತುಕ್ಕು ಕಂಡರೆ ಯಾರೂ ಎರಡನೆಯ ಸಲ ನೋಡುವುದಿಲ್ಲ. ಅವರ ಸ್ಕ್ರೂಡ್ರೈವರ್ ಆ ಸಂದಿಗೆ ದಪ್ಪವಾಯಿತು. ಗಂಧ ಒಣಗಿ ಕಲ್ಲಾಗಿತ್ತು. ಒತ್ತಿ ಕೆರೆದರೆ ಒಳಗಿನ ಚಿನ್ನದ ಬಣ್ಣದ ಸಣ್ಣ ಹಲ್ಲುಗಳು ಬಾಗುತ್ತವೆ, ತಮ್ಮ ಕೈ ಇದಕ್ಕೆ ಆಗದು ಎಂದು ಹಿಂದೆ ಸರಿದರು.

ಅಮ್ಮ ಎದ್ದು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಟೈಪ್‌ರೈಟರಿನ ಕಾಲದ ಡಬ್ಬಿ, ಒಳಗೆ ಒಂದು ಪಿನ್ನು, ಒಂದು ಸಣ್ಣ ಬ್ರಶ್ಶು. ಇಂಗ್ಲಿಷಿನ 'ಇ', 'ಓ', 'ಎ' ಅಚ್ಚುಗಳ ಹೊಟ್ಟೆಯಲ್ಲಿ ಶಾಯಿ ತುಂಬಿಕೊಂಡರೆ ಅಕ್ಷರ ಮೊಟ್ಟೆಯ ಹಾಗೆ ಕಪ್ಪಾಗಿ ಬೀಳುತ್ತದೆ. ಅದನ್ನು ಪಿನ್ನಿನ ತುದಿಯಿಂದ ಅಚ್ಚಿಗೆ ಗಾಯವಾಗದಂತೆ ಬಿಡಿಸುವುದು ಆ ಕೆಲಸದವರ ಬೆಳಗಿನ ಮೊದಲ ವಿಧಿ. ಎಷ್ಟೋ ವರ್ಷ ದಿನಾ ಮಾಡಿದ ಕೈ ಅದು. ಮೇಜಿಗೆ ಮೊಣಕೈ ಊರಿ, ಉಸಿರು ಹಿಡಿದು ಅವಳು ಶುರು ಮಾಡಿದಳು. ಟಾರ್ಚು ನನ್ನ ಕೈಯಲ್ಲಿತ್ತು. ಅಜ್ಜಿ ನನ್ನ ಮಣಿಕಟ್ಟನ್ನು ಹಿಡಿದು ಬೆಳಕನ್ನು ಸ್ಲಾಟಿನ ಮೇಲೆ ನಿಲ್ಲಿಸಿದಳು. ಗಂಧ ಪುಡಿಪುಡಿಯಾಗಿ ಎದ್ದಿತು, ಬ್ರಶ್ಶು ಅದನ್ನು ಹೊರಗೆ ತಂದಿತು. ಒಂದು ಕಾಳು ಬಂತು. ಎರಡು. ಮೂರು. ನಾಲ್ಕನೆಯದು ಒಡೆದು ಮೂರು ಚೂರಾಗಿತ್ತು. ಅಪ್ಪ ಎಲ್ಲವನ್ನೂ ತಮ್ಮ ಅಂಗೈಯಲ್ಲಿ ಹಿಡಿದುಕೊಂಡು, ಚೂರು ಕೂಡಿಸಿ ನೋಡಿ, "ಇನ್ನು ಸಣ್ಣ ತುಂಡೊಂದು ಉಂಟು" ಎಂದರು. ಇತ್ತು. ಅದೂ ಬಂತು.

ಪಟ್ಟಿಗಳು ಈ ಸಲ ಟಕ್ ಎಂದು ಕೂತವು, ನಾಲ್ಕು ಸಲ ಟಕ್. ಸ್ವಿಚ್ಚು ಹಾಕುವ ಮೊದಲು ರಘುವಣ್ಣ ಅಮ್ಮನ ಕಡೆ ನೋಡಿದರು. ಅಮ್ಮನೇ ಒತ್ತಿದಳು. ಅಂಕೆ ಏರತೊಡಗಿತು. ನಾಲ್ಕು ಸಾವಿರ ಹತ್ತಿರವಾದಾಗ ನಾನು ಕಣ್ಣು ಮುಚ್ಚಿಕೊಂಡೆ. ಕೆಟ್ಟದ್ದನ್ನು ನೋಡದಿದ್ದರೆ ಅದು ಆಗುವುದಿಲ್ಲ ಎಂಬುದು ನನ್ನ ಆಗಿನ ಸಿದ್ಧಾಂತ, ಈಗಲೂ ಸ್ವಲ್ಪ ಇದೆ. ಆಮೇಲೆ ಕೇಳಿದ್ದು ಅಪ್ಪನ ದನಿ. ಅವರು ಗಟ್ಟಿಯಾಗಿ ಓದುತ್ತಿದ್ದರು: ಐದು ಸಾವಿರ, ಆರು, ಏಳು. ಕಣ್ಣು ಬಿಡುವಾಗ ಎಂಟು ಸಾವಿರದ ನೂರ ತೊಂಬತ್ತೆರಡು. ನಾಲ್ಕನೆಯ ಅಧ್ಯಾಯ ತೆರೆಯಲು ಬಹಳ ಹೊತ್ತು ತೆಗೆದುಕೊಂಡಿತು, ಆದರೆ ತೆರೆಯಿತು. ಕೋಷ್ಟಕದ ಗೆರೆಗಳು ಒಂದೊಂದಾಗಿ ಮೇಲಿನಿಂದ ಕೆಳಗೆ ಮೂಡಿ ಬಂದವು. ಅಮ್ಮ ಹಸ್ತಪ್ರತಿಯ ದಾರವನ್ನು ಹಲ್ಲಿನಿಂದ ಕಡಿದಳು.

ಆ ದಿನವಿಡೀ ಪ್ರಿಂಟರು ಕರಕರ ಎನ್ನುತ್ತಲೇ ಇತ್ತು. ಅಜ್ಜಿ ಗ್ರೈಂಡರನ್ನು ಮುಟ್ಟಲಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ರಾತ್ರಿಗೂ ಅದೇ. ಅದನ್ನು ತ್ಯಾಗ ಎಂದು ಯಾರೂ ಕರೆಯಬಾರದೆಂದು ಅವಳು ನಡುನಡುವೆ ಬೆನ್ನು ನೋವಿನ ನೆಪ ಹೇಳುತ್ತಿದ್ದಳು. ನಾನು ಪುಟದ ಅಂಚಿನ ತೂತಿನ ಪಟ್ಟಿ ಹರಿಯುತ್ತ, ಪುಟಸಂಖ್ಯೆ ತಪ್ಪಿರಬಹುದೆಂದು ಮೂರು ಸಲ ಎಣಿಸಿದೆ. ಮೂರನೆಯ ಸಲ ನಿಜವಾಗಿಯೂ ಒಂದು ಪುಟ ಕಡಿಮೆಯಿತ್ತು. ಅದು ನನ್ನ ಕಾಲಡಿಯಲ್ಲೇ ಸಿಕ್ಕಿತು. ಸದಾ ಚಿಂತೆ ಮಾಡುವವಳೆಂದು ನನ್ನನ್ನು ಚಿಂತ್ರೊಣ್ಣಿ ಎಂದು ಗೇಲಿ ಮಾಡುವ ಅಜ್ಜಿಯೇ ಅದನ್ನು ಎತ್ತಿ ಸೆರಗಿನಿಂದ ಒರೆಸಿ ಕೊಟ್ಟಳು. ಸೋಮವಾರ ಬೆಳಿಗ್ಗೆ ಡಾಕ್ಟರು ಗೇಟಿನಿಂದಲೇ ಕೂಗಿದಳು.

"ಆಂಟೀ, ಆಯ್ತೇನ್ರೀ?"

"ಆಗದೆ ಎಂತ?" ಎಂದಳು ಅಮ್ಮ, ಏನೂ ನಡೆದೇ ಇಲ್ಲವೆಂಬಂತೆ. ನಾನು ಬೆರಗಾದೆ. ಅಷ್ಟು ಚಿಂತೆ ಮಾಡಿದ ಮೇಲೂ ಮುಖದಲ್ಲಿ ಅದರ ಗುರುತಿಲ್ಲದೆ ನಿಲ್ಲಬಹುದು ಎಂದು ಆವರೆಗೆ ನನಗೆ ತಿಳಿದಿರಲಿಲ್ಲ. ಇಂದಿಗೂ ಅಭ್ಯಾಸ ಮಾಡುತ್ತಿದ್ದೇನೆ, ಬಂದಿಲ್ಲ.

ಹತ್ತು ದಿನ ಕಳೆದಿರಬಹುದು. ಸಂಜೆ ಅಪ್ಪ ಜಗಲಿಯಲ್ಲಿ ಕೂತಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಅಂಗಳದಲ್ಲಿ ಚಪ್ಪಲಿ ಬಿಟ್ಟು ಸಂಕೋಚದಿಂದ ನಿಂತರು. ಅಪ್ಪ ಕನ್ನಡಕ ಏರಿಸಿಕೊಂಡು ಪಂಚಾಂಗ ಕೈಗೆತ್ತಿಕೊಂಡರು.

"ಬನ್ನಿ, ಬನ್ನಿ. ಯಾವ ತಿಂಗಳಲ್ಲಿ ಮುಹೂರ್ತ ಬೇಕು?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಲ್ಲ ಸರ್," ಎಂದ ಹುಡುಗ. "ನಮ್ಮದು ಬೇರೆ ಬೇರೆ ಥೀಸಿಸ್. ಟೈಪಿಂಗ್ ಮೇಡಂ ಮನೆ ಇದೇನಾ?"

ಅಪ್ಪ ಪಂಚಾಂಗವನ್ನು ಮಡಚಿದರು. ಆಮೇಲೆ ಎದ್ದು ಬಾಗಿಲ ಹತ್ತಿರ ಹೋಗಿ ಒಳಗೆ ಕರೆದರು.

"ಸುಮತೀ, ನಿನ್ನನ್ನು ಕೇಳಿಕೊಂಡು ಬಂದಿದ್ದಾರೆ. ನೀನು ಮಾತಾಡು, ಕಾಫಿ ನಾನು ಮಾಡ್ತೇನೆ."

ನೂರಾರು ಜನರ ಊಟಕ್ಕೆ ಹೋಳಿಗೆ ಬೇಯಿಸಿದ್ದುಂಟು ಅಪ್ಪ; ಮನೆಯ ಒಲೆಯ ಮೇಲೆ ಕಾಫಿ ಇಟ್ಟದ್ದನ್ನು ನಾನು ಅಂದೇ ನೋಡಿದ್ದು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಲು ಅವರಿಗೆ ಮನಸ್ಸಾಗಲಿಲ್ಲ, ಹೇಳಲು ಅಜ್ಜಿಗೆ ಮನಸ್ಸಾಗಲಿಲ್ಲ. ಬಂದವರಿಬ್ಬರೂ ಆ ಕಾಫಿಯನ್ನು ಹಾಗೆಯೇ ಪೂರ್ತಿ ಕುಡಿದರು. ಅಮ್ಮ ತನ್ನ ಲೋಟವನ್ನು ಪಕ್ಕಕ್ಕಿಟ್ಟು, ಹುಡುಗಿಯ ಕೈಯಿಂದ ಹಾಳೆಗಳ ಕಟ್ಟು ತೆಗೆದುಕೊಂಡು, ಎಷ್ಟು ಪುಟ ಎಂದು ಕೇಳುತ್ತಿದ್ದಳು.